ಸಾಹೇಬರನ್ನು ಹಿಂದಿಕ್ಕದೆ ಬೆಟ್ಟ ಹತ್ತಿದ್ದು

...ಅಥವಾ ಆ ರೇನ್‌ಕೋಟು ನೀಲಿಯೇ ಆಗಿರಲಿಲ್ಲವೇನೋ. ಇಷ್ಟು ವರ್ಷ ನೀಲಿ ನೀಲಿ ಎಂದು ಹೇಳಿಕೊಂಡು ಬಂದಿದ್ದೇನೆ. ಹೇಳಿ ಹೇಳಿಯೇ ಅದರ ಬಣ್ಣ ಗಟ್ಟಿಯಾಗಿದೆ. ಮೊನ್ನೆ ಮನೆಗೆ ಬಂದವರ ಮುಂದೆ ಮತ್ತೆ ಈ ಕಥೆ ಶುರು ಮಾಡಿದಾಗ, ಅಡುಗೆಮನೆಯಿಂದ ನನ್ನ ಹೆಂಡತಿ ವಿಮಲಾ ಕೂಗಿ ಹೇಳಿದಳು:

"ನೀಲಿ ಅಲ್ರೀ, ಹಸರು!"

"ನೀ ಎಲ್ಲಿ ನೋಡಿದ್ದಿ? ನೀ ಬೆಟ್ಟದ ಮ್ಯಾಲ ಇದ್ದಿ, ನಾ ಕೆಳಗ ಇದ್ದೆ."

"ನೀವು ಕೆಳಗೂ ಇರಲಿಲ್ಲ, ಮ್ಯಾಲೂ ಇರಲಿಲ್ಲ. ಗದ್ದಲ ಆಗಿದ್ದ ಅದಕ್ಕ ಅಲ್ಲೇನು?"

ಬಂದವರು ನಕ್ಕರು. ನಾನೂ ನಕ್ಕೆ. ಆದರೆ ಅವರು ಹೋದ ಮೇಲೆ ಕೂತು ಯೋಚಿಸಿದೆ. ಬಣ್ಣವೇ ತಪ್ಪಾದರೆ ಉಳಿದದ್ದರ ಗತಿಯೇನು? ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಈ ಬರಹದಲ್ಲಿ ಮಳೆ, ಮಂಜು ಮತ್ತು ಜಿಗಣೆ, ಈ ಮೂರು ಮಾತ್ರ ಖಾತ್ರಿ. ಜಿಗಣೆಗೆ ಸಾಕ್ಷಿಯಾಗಿ ನನ್ನ ಎಡಗಾಲಿನ ಮೇಲೆ ಇಂದಿಗೂ ಒಂದು ಕಲೆಯಿದೆ. ಅದು ಸೊಳ್ಳೆ ಕಚ್ಚಿದ್ದು ಎನ್ನುತ್ತಾಳೆ ವಿಮಲಾ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಕೇಂದ್ರ ಸರ್ಕಾರದ ಒಂದು ಕಚೇರಿಯ ಕೊಚ್ಚಿ ಶಾಖೆಯಲ್ಲಿದ್ದೆ. ಪಾಲಾರಿವಟ್ಟಂನಲ್ಲಿ ಒಂದು ಕೋಣೆ, ಒಂದು ಸ್ಟವ್, ಎರಡು ತಟ್ಟೆ. ವಿಮಲಾ ತಿರುವನಂತಪುರದ ಬಾಹ್ಯಾಕಾಶ ಸಂಸ್ಥೆಯಲ್ಲಿದ್ದಳು. ಮೇಲೆ ಹಾರಿಸಿದ ವಸ್ತು ಯಾವ ದಾರಿಯಲ್ಲಿ ಹೋಗಿ ಎಲ್ಲಿ ಬೀಳುತ್ತದೆ ಎಂದು ಲೆಕ್ಕ ಹಾಕಿ ಹೇಳುವುದು ಅವಳ ಕೆಲಸ. ಧಾರವಾಡದಲ್ಲಿ ಹುಟ್ಟಿ ಬೆಳೆದ ನಾವಿಬ್ಬರೂ ಕೇರಳಕ್ಕೆ ಬಂದೆವು, ಸರಿ. ಆದರೆ ಒಂದೇ ಊರಿಗೆ ಬರಲಿಲ್ಲ. ನಡುವೆ ಐದು ತಾಸಿನ ರೈಲು. ಶುಕ್ರವಾರ ಸಂಜೆ ಹತ್ತುವುದು, ಭಾನುವಾರ ಸಂಜೆ ಮರಳುವುದು.

ಮಗಳು ಗೌರಿಗೆ ಆಗ ಆರು ವರ್ಷ. ತಾಯಿಯ ಜೊತೆ ತಿರುವನಂತಪುರದಲ್ಲಿದ್ದಳು. ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದಳು. ಒಂದು ಶನಿವಾರ ಬೆಳಿಗ್ಗೆ ಪಕ್ಕದ ಮನೆಯ ಹುಡುಗಿಗೆ ನನ್ನನ್ನು ಪರಿಚಯಿಸುತ್ತಿದ್ದುದು ಕಿವಿಗೆ ಬಿತ್ತು: "ಇದು ಶನಿಯಾಳ್ಚ ವರುನ್ನ ಅಪ್ಪ." ಶನಿವಾರ ಬರುವ ಅಪ್ಪ! ಹಾಲು ದಿನಾ ಬರುತ್ತದೆ, ಪತ್ರಿಕೆ ದಿನಾ ಬರುತ್ತದೆ, ಅಪ್ಪ ಶನಿವಾರ ಬರುತ್ತಾನೆ. ಆ ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಸರಿ ಎಂಬಂತೆ ತಲೆಯಾಡಿಸಿ ಆಟಕ್ಕೆ ಹೋದಳು.

ತಿರುವನಂತಪುರಕ್ಕೆ ವರ್ಗ ಮಾಡಿಕೊಡಿ ಎಂದು ನಾನು ಅದಾಗಲೇ ಮೂರು ಅರ್ಜಿ ಹಾಕಿದ್ದೆ. ಮೊದಲನೆಯದು ಪರಿಶೀಲನೆಯಲ್ಲಿತ್ತು. ಎರಡನೆಯದು ಮೊದಲನೆಯದರ ಜೊತೆ ಪರಿಶೀಲನೆಯಲ್ಲಿತ್ತು. ಮೂರನೆಯದನ್ನು ಮೊದಲೆರಡು ಪರಿಶೀಲನೆಯಲ್ಲಿರುವ ಕಾರಣ ತೆಗೆದುಕೊಳ್ಳಲಾಗುವುದಿಲ್ಲ ಎಂದು ತಿಳಿಸಲಾಗಿತ್ತು.

ಆ ಹೊತ್ತಿಗೆ ಸುತ್ತೋಲೆ ಬಂತು.

"ಸಿಬ್ಬಂದಿಯ ದೈಹಿಕ ಆರೋಗ್ಯ, ಮಾನಸಿಕ ಸ್ಥೈರ್ಯ ಹಾಗೂ ಪರಸ್ಪರ ಸೌಹಾರ್ದವನ್ನು ವೃದ್ಧಿಸುವ ಸದುದ್ದೇಶದಿಂದ ಪೊನ್ಮುಡಿ ಬೆಟ್ಟದಲ್ಲಿ ಗುಡ್ಡದ ಓಟವನ್ನು ಏರ್ಪಡಿಸಲಾಗಿದೆ. ಭಾಗವಹಿಸುವುದು ಸಂಪೂರ್ಣವಾಗಿ ಐಚ್ಛಿಕ. ಭಾಗವಹಿಸದವರು ಕಾರಣವನ್ನು ಲಿಖಿತವಾಗಿ, ಮೂರು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದು."

ಈ ಓಟದ ಮೂಲಪುರುಷರು ನಮ್ಮ ವಲಯದ ಮುಖ್ಯಾಧಿಕಾರಿಗಳಾದ ಭಲ್ಲಾ ಸಾಹೇಬರು. ತಿರುವನಂತಪುರದಲ್ಲಿದ್ದರು. ಆರಡಿಗೂ ಮೀರಿದ ಆಸಾಮಿ. ಬೆಳಿಗ್ಗೆ ಓಡದವನು ಸಂಜೆಯೊಳಗೆ ಲಂಚ ತಿನ್ನುತ್ತಾನೆ ಎಂಬುದು ಅವರ ಸಿದ್ಧಾಂತವಂತೆ. ವರ್ಗಾವಣೆಗೆಲ್ಲ ಕೊನೆಯ ಸಹಿ ಅವರದೇ. ಓಟವನ್ನು ಏಪ್ರಿಲ್ಲಿನ ಒಣ ಹವೆಯಲ್ಲಿ ನಡೆಸಬೇಕೆಂದು ಅವರು ಬಯಸಿದ್ದರು. ಕಡತ ಮೇಜಿನಿಂದ ಮೇಜಿಗೆ ಓಡಿ ಮಂಜೂರಾಗುವ ಹೊತ್ತಿಗೆ ಜೂನ್ ತಿಂಗಳು ಬಂದು, ಕೇರಳದ ಮೇಲೆ ಮುಂಗಾರು ಕವುಚಿಕೊಂಡಿತ್ತು. ಮಂಜೂರಾದ ಕಾರ್ಯಕ್ರಮವನ್ನು ಮಳೆಗೆ ಹೆದರಿ ಮುಂದೂಡುವುದೆಂದರೆ ಮತ್ತೊಂದು ಕಡತ. ಅದಕ್ಕಿಂತ ನೆನೆಯುವುದು ಸುಲಭ.

ನನ್ನ ಪಕ್ಕದ ಮೇಜಿನ ತಂಗಚ್ಚನ್ ಸುತ್ತೋಲೆ ಓದಿ, ಕನ್ನಡಕ ತೆಗೆದು, ನನ್ನನ್ನು ಕರುಣೆಯಿಂದ ನೋಡಿದ. (ತಂಗಚ್ಚನ್ ಮಾತಾಡುವುದು ಮಲಯಾಳ. ಇಲ್ಲಿ ಅವನ ಬಾಯಲ್ಲಿ ಬರುವ ಕನ್ನಡವೆಲ್ಲ ನನ್ನದು. ಅವನು ನಿಜವಾಗಿ ಹೇಳಿದ್ದು ಇದಕ್ಕಿಂತ ಚೆನ್ನಾಗಿತ್ತು.)

"ಹಿರೇಮಠ್ ಸಾರೇ, ಓಟ ಮುಗಿದ ಮರುದಿನ, ಸೋಮವಾರ, ವರ್ಗಾವಣೆ ಪಟ್ಟಿ ಸಾಹೇಬರ ಮುಂದೆ ಹೋಗುತ್ತದೆ. ನಿಮ್ಮ ಅರ್ಜಿ ಅವರು ನೋಡಿದ್ದಾರೆ. ನಿಮ್ಮ ಮುಖ ನೋಡಿಲ್ಲ."

"ಅದಕ್ಕೆ?"

"ಅದಕ್ಕೆ ಓಡಿ! ಆದರೆ ಗೆಲ್ಲಬೇಡಿ. ಸಾಹೇಬರೂ ಓಡುತ್ತಾರೆ. ಅವರಿಗಿಂತ ಎರಡು ಹೆಜ್ಜೆ ಹಿಂದೆ ಇರಿ. ಮೇಲೆ ತಲುಪಿ ಅವರು ತಿರುಗಿ ನೋಡಿದಾಗ ಮೊದಲು ಕಾಣುವ ಮುಖ ನಿಮ್ಮದಾಗಿರಬೇಕು."

ಎಂಥ ಸರಳ ಯೋಜನೆ! ಇಪ್ಪತ್ತು ವರ್ಷ ಸರ್ಕಾರಿ ನೌಕರಿ ಮಾಡಿದವನಿಗೆ ಮೇಲಧಿಕಾರಿಯ ಹಿಂದೆ ಎರಡು ಹೆಜ್ಜೆ ಇರುವುದು ಒಂದು ವಿದ್ಯೆಯೇ? ಅದು ಉಸಿರಾಟ. ಆ ಶನಿವಾರ ವಿಮಲಾಗೆ ಹೇಳಿದೆ.

"ನೀವು ಓಡ್ತೀರಿ?" ಎಂದಳು. "ನಮ್ಮ ಮನಿ ಎರಡನೇ ಮಾಳಿಗಿ ಹತ್ತಿ ಬಂದ್ರ ಅರ್ಧ ತಾಸು ಕುಂತು ಉಸರ ಬಿಡ್ತೀರಿ."

"ಓಡೂದಂದ್ರ ಏನ್ ಮಹಾ? ಒಂದು ಕಾಲ ಮುಂದ, ಒಂದು ಕಾಲ ಹಿಂದ."

"ಅದು ನಿಂತ್ಕೊಳ್ಳೂದ್ರೀ."

ಅವಮಾನವನ್ನು ನುಂಗಿಕೊಂಡು ಕೊಚ್ಚಿಗೆ ಮರಳಿ ತರಬೇತಿ ಆರಂಭಿಸಿದೆ. ಒಂದು ತಾಂತ್ರಿಕ ತೊಂದರೆ ಎದುರಾಯಿತು. ಕೊಚ್ಚಿಯಲ್ಲಿ ಗುಡ್ಡವಿಲ್ಲ. ಪಾಲಾರಿವಟ್ಟಂನಿಂದ ವೈಟ್ಟಿಲದವರೆಗೆ ಬೈಪಾಸಿನಲ್ಲಿ ಹೋಗಿ ಬಂದೆ. ನೆಲ ರೊಟ್ಟಿಯ ಹಂಚಿನಂತೆ ಸಪಾಟು. ಆ ಕಡೆ ನನಗೆ ಸಿಕ್ಕ ಒಂದೇ ಒಂದು ಏರು ಎಂದರೆ ರೈಲ್ವೆ ಹಳಿಯ ಮೇಲಿನ ಸೇತುವೆ. ದಿನಾ ಬೆಳಿಗ್ಗೆ ಅದನ್ನೇ ಇಪ್ಪತ್ತು ಸಲ ಹತ್ತಿ ಇಪ್ಪತ್ತು ಸಲ ಇಳಿದೆ. ದಣಿವಾದಾಗ ಕಂಬಿ ಹಿಡಿದು ಬಗ್ಗಿ, ಕೆಳಗೆ ಹೋಗುವ ರೈಲುಗಳನ್ನು ನೋಡುತ್ತ ಏದುಸಿರು ಬಿಡುತ್ತಿದ್ದೆ. ಮೂರನೆಯ ದಿನ ಒಬ್ಬ ಪೊಲೀಸ್ ಪೇದೆ ಮೆಲ್ಲಗೆ ಹತ್ತಿರ ಬಂದು, ನನ್ನ ಮೊಣಕೈ ಹಿಡಿದುಕೊಂಡು, ತುಂಬ ಮೃದುವಾಗಿ ಹೇಳಿದ:

"ಸಾರೇ, ಮನೆಯಲ್ಲಿ ಏನೇ ತೊಂದರೆ ಇರಲಿ, ಕೂತು ಮಾತಾಡೋಣ. ಮೊದಲು ಕಂಬಿ ಬಿಡಿ."

ಕಂಬಿ ಬಿಟ್ಟೆ. ಮನೆಯ ತೊಂದರೆ ಹೇಳಿದೆ. ವರ್ಗಾವಣೆಗಾಗಿ ಸೇತುವೆ ಹತ್ತುತ್ತಿದ್ದೇನೆ ಎಂದಾಗ ಅವನ ಹಿಡಿತ ಇನ್ನೂ ಬಿಗಿಯಾಯಿತು. ಕೊನೆಗೆ ತಂಗಚ್ಚನ್ ಬಂದು ನಾನು ಸ್ವಸ್ಥನೆಂದು ಖಾತ್ರಿ ಕೊಡಬೇಕಾಯಿತು. ಕೊಟ್ಟ; ಆದರೆ ಕೊಡುವ ಮುಂಚೆ ಸ್ವಲ್ಪ ಯೋಚಿಸಿದ.

ಓಟದ ಭಾನುವಾರ ಬಂತು. ಬೆಳಿಗ್ಗೆ ತಿರುವನಂತಪುರದಿಂದ ಎರಡು ಬಸ್ಸು ಹೊರಟವು. ಓಡುವವರದು ಒಂದು, ಓಡುವವರ ಹೆಂಡಿರು ಮಕ್ಕಳದು ಇನ್ನೊಂದು. ನಮ್ಮನ್ನು ಬೆಟ್ಟದ ಬುಡದಲ್ಲಿ ಇಳಿಸಿದರು. ಕುಟುಂಬದವರ ಬಸ್ಸು ತುದಿಗೆ ಹೋಯಿತು, ನಾವು ಬಂದಾಗ ಚಪ್ಪಾಳೆ ತಟ್ಟಲು. ಗೌರಿ ಕಿಟಕಿಯಿಂದ ಕೈಬೀಸಿದಳು. ಬೇರೆ ಯಾರಿಗೋ ಬೀಸಿದಳು ಎಂದು ಆಮೇಲೆ ತಿಳಿಯಿತು.

ಮಳೆ ಮೊದಲು ಸಣ್ಣಗೆ ಬಂತು, ಒಳಗೆ ಬರಲೇ ಎಂದು ಕೇಳುವ ಹಾಗೆ. ಆಮೇಲೆ ಕೇಳಲಿಲ್ಲ. ಗಾಳಿಯೂ ಜೊತೆಗೂಡಿತು. ಬೆಟ್ಟದ ಕಡೆ ನೋಡಿದರೆ ಬೆಟ್ಟವೇ ಇಲ್ಲ, ಬಿಳಿಯ ಗೋಡೆ. ಈ ಜಾಗದಲ್ಲಿ, ಪಕ್ಕದ ಮರಕ್ಕೆ ಸಿಡಿಲು ಬಡಿಯಿತು ಎಂದು ಬರೆದಿದ್ದೆ, ಹೊಡೆದುಹಾಕಿದ್ದೇನೆ. ಆ ಸಿಡಿಲು ಬಡಿದದ್ದು ಬೇರೆ ವರ್ಷ, ಬೇರೆ ಊರಿನಲ್ಲಿ.

ಎದೆಗೆ ಕಟ್ಟಿಕೊಳ್ಳಲು ಬಟ್ಟೆಯ ನಂಬರು ಹಂಚಿದರು. ಸೇವಾ ಹಿರಿತನದ ಪ್ರಕಾರ! ಸಾಹೇಬರು ಒಂದು. ನಾನು ಹದಿನಾಲ್ಕು. ಹದಿನೇಳನೆಯ ನಂಬರು ಸಿಕ್ಕ ಲೆಕ್ಕ ವಿಭಾಗದ ಒಬ್ಬರು, ತಾವು ಹದಿನಾರನೆಯವರಿಗಿಂತ ಎರಡು ದಿನ ಮೊದಲು ಕೆಲಸಕ್ಕೆ ಸೇರಿದವರೆಂದು ಮಳೆಯಲ್ಲೇ ನಿಂತು ಮನವಿ ಸಲ್ಲಿಸಿದರು. ಅದನ್ನು ಸ್ವೀಕರಿಸಿ ಸೀಲು ಹಾಕಲಾಯಿತು. ಅಷ್ಟರಲ್ಲಿ ನಂಬರುಗಳ ಶಾಯಿ ಕರಗಿ ಎಲ್ಲರ ಎದೆಯಲ್ಲೂ ಒಂದೇ ನೇರಳೆ ಮಚ್ಚೆ ಉಳಿಯಿತು. ಸ್ವಾತಂತ್ರ್ಯಾನಂತರ ನಮ್ಮ ಇಲಾಖೆಯಲ್ಲಿ ಸಮಾನತೆ ಬಂದದ್ದು ಅದೇ ಮೊದಲು.

ಭಲ್ಲಾ ಸಾಹೇಬರು ತಲೆಯ ಮೇಲಿನಿಂದ ಮೊಣಕಾಲವರೆಗೆ ಬರುವ ನೀಲಿ ರೇನ್‌ಕೋಟು (ಅಥವಾ ಹಸಿರು) ತೊಟ್ಟು ಎದುರಿಗೆ ನಿಂತರು. ಇಂಗ್ಲಿಷಿನಲ್ಲಿ ಭಾಷಣ ಮಾಡಿದರು. ಗುಡುಗಿನಲ್ಲಿ ನನಗೆ ಕೇಳಿಸಿದ್ದು "ನಾಯಕತ್ವ" ಎಂಬ ಒಂದೇ ಪದ. ಯಾರೋ ಸೀಟಿ ಊದಿದರು. ಸಾಹೇಬರು ಮುಂದೆ, ಮೂವತ್ತೊಂದು ಜನ ಹಿಂದೆ. ಅವರನ್ನು ದಾಟುವ ಶಕ್ತಿ ಇದ್ದವರು ಹತ್ತು ಜನವಾದರೂ ಇದ್ದರು. ದಾಟಿದವರು ಯಾರೂ ಇಲ್ಲ. ತಿರುವನಂತಪುರ ಶಾಖೆಯ ಫುಟ್‌ಬಾಲ್ ಆಟಗಾರನೊಬ್ಬ ನಿಂತಲ್ಲೇ ಓಡುತ್ತಿದ್ದ, ಪಾಪ.

ಮೊದಲ ಮೂರು ತಿರುವು ನಾನು ಯೋಜನೆಯಂತೆ ಎರಡೇ ಹೆಜ್ಜೆ ಹಿಂದಿದ್ದೆ. ಇದನ್ನು ಯಾರೂ ನಂಬುವುದಿಲ್ಲ, ಆದರೂ ದಾಖಲಿಸುತ್ತೇನೆ. ನಾಲ್ಕನೆಯ ತಿರುವಿನಲ್ಲಿ ಹೊಸ ಕ್ಯಾನ್ವಾಸ್ ಬೂಟಿನ ಲೇಸು ಬಿಚ್ಚಿತು. ಬಗ್ಗಿ ಕಟ್ಟಿಕೊಂಡೆ. ಒದ್ದೆ ಬೆರಳು, ಒದ್ದೆ ಲೇಸು. ಎದ್ದು ನೋಡುತ್ತೇನೆ: ಮಂಜು ರಸ್ತೆಗೆ ಇಳಿದಿದೆ, ಹಿಂದಿನವರು ಇನ್ನೂ ಬಂದಿಲ್ಲ, ಸಾಹೇಬರಿಲ್ಲ.

ಆ ಕ್ಷಣದ ಭಯವನ್ನು ಹೇಗೆ ವರ್ಣಿಸಲಿ! ಓಟದಲ್ಲಿ ದಾರಿ ತಪ್ಪಿದವನ ಭಯವಲ್ಲ ಅದು. ಮೇಲಧಿಕಾರಿಯನ್ನು ಕಳೆದುಕೊಂಡವನ ಭಯ. ಅವರು ಮುಂದೆ ಹೋಗಿದ್ದಾರೆಯೇ? ನಾನೇ ಮುಂದೆ ಬಂದುಬಿಟ್ಟಿದ್ದೇನೆಯೇ? ಎರಡನೆಯದಾದರೆ ವರ್ಗಾವಣೆ ಮಂಜಿಗೇ ಹೋಯಿತು. ಎದೆ ಒಡೆಯುವ ಹಾಗೆ ಓಡಿದೆ.

ಆರನೆಯದೋ ಏಳನೆಯದೋ ತಿರುವಿನಲ್ಲಿ ಕಂಡಿತು! ಮಂಜಿನೊಳಗೆ ಎತ್ತರದ, ನೀಲಿಯ, ತಲೆ ತುಂಬ ಮುಸುಕು ಹಾಕಿದ ಆಕೃತಿ. ಒಂದೇ ಲಯದಲ್ಲಿ, ಎಲ್ಲಿಯೂ ನಿಲ್ಲದೆ, ಏರು ಹತ್ತುತ್ತಿತ್ತು. ಕಳೆದುಹೋದ ಕಡತ ತನ್ನದೇ ಮೇಜಿನ ಕೆಳಗೆ ಸಿಕ್ಕವನ ಸಂತೋಷದಿಂದ ನಾನು ಎರಡು ಹೆಜ್ಜೆ ಹಿಂದೆ ಸೇರಿಕೊಂಡೆ.

"ಗ್ರೇಟ್ ಸ್ಟ್ಯಾಮಿನಾ ಸರ್!" ಎಂದೆ.

ಉತ್ತರವಿಲ್ಲ. ಸರಿಯೇ, ದೊಡ್ಡವರು ಉತ್ತರ ಕೊಡುವುದಿಲ್ಲ. ನನಗೆ ಇನ್ನಷ್ಟು ಖಾತ್ರಿಯಾಯಿತು.

ಹಿಂದಿನಿಂದ ತಂಗಚ್ಚನ್ ಏದುಸಿರಿನಲ್ಲಿ ಬಂದ. "ಮುಂದೆ ಯಾರು ಸಾರೇ?"

"ಸಾಹೇಬರು."

ಅವನು ಹಿಂದಿನವನಿಗೆ ಹೇಳಿದ, ಹಿಂದಿನವನು ಅವನ ಹಿಂದಿನವನಿಗೆ. ಸುದ್ದಿ ಸರಿಯಾದ ಮಾರ್ಗದಲ್ಲಿ ಇಳಿಯುತ್ತ ಇಳಿಯುತ್ತ ಕೊನೆಯ ಗುಮಾಸ್ತನನ್ನು ತಲುಪುವ ಹೊತ್ತಿಗೆ, ಮುಂದೆ ದಿಲ್ಲಿಯಿಂದ ಬಂದ ಮಂತ್ರಿಗಳಿದ್ದಾರೆ ಎಂದಾಗಿತ್ತಂತೆ.

ಆಗ ಆಕೃತಿ ಡಾಂಬರು ರಸ್ತೆ ಬಿಟ್ಟು ಬಲಗಡೆ ಚಹಾ ತೋಟದ ಕಾಲುದಾರಿಗೆ ತಿರುಗಿತು.

ಅಡ್ಡದಾರಿ! ಸಾಹೇಬರು ಅಡ್ಡದಾರಿ ಹಿಡಿಯುತ್ತಿದ್ದಾರೆ! ನಾನು ಅರೆಕ್ಷಣ ನಿಂತೆ. ನಿಯಮಾವಳಿಯ ಪ್ರಕಾರ ರಸ್ತೆ ಬಿಟ್ಟವರು ಅನರ್ಹರು. ನಿಯಮಾವಳಿ ಮಾಡಿದವರೇ ಅವರು. ಮೇಲಧಿಕಾರಿ ನಿಯಮ ಮುರಿಯುವಾಗ ಕೈಕೆಳಗಿನವನು ನಿಯಮ ಪಾಲಿಸಿದರೆ ಅದು ಪ್ರಾಮಾಣಿಕತೆಯೋ, ಅವಿಧೇಯತೆಯೋ? ಇಪ್ಪತ್ತು ವರ್ಷದ ನೌಕರಿಯಲ್ಲಿ ನಾನು ಈ ಪ್ರಶ್ನೆಗೆ ಒಂದೇ ಉತ್ತರ ಕಲಿತಿದ್ದೆ. ಬಲಕ್ಕೆ ತಿರುಗಿದೆ. ನನ್ನ ಹಿಂದೆ ಮೂವತ್ತು ಜನ ಬಲಕ್ಕೆ ತಿರುಗಿದರು. ಒಬ್ಬನೂ ಕೇಳಲಿಲ್ಲ. ಫುಟ್‌ಬಾಲ್ ಆಟಗಾರನೂ ಕೇಳಲಿಲ್ಲ.

ಚಹಾ ಗಿಡಗಳ ನಡುವೆ ನೀರು ಹರಿಯುತ್ತಿತ್ತು. ಎರಡು ಸಲ ಜಾರಿ ಬಿದ್ದೆ. ಬಿದ್ದಲ್ಲೆಲ್ಲ ಜಿಗಣೆಗಳು ಹಾಜರಿ ಪುಸ್ತಕದ ಮುಂದೆ ಸಾಲು ನಿಂತವರಂತೆ ಕಾಯುತ್ತಿದ್ದವು. ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಮುಂದಿನ ಆಕೃತಿ ಮಾತ್ರ ಒಮ್ಮೆಯೂ ಎಡವಲಿಲ್ಲ. ಎಂಥ ಅಭ್ಯಾಸ, ಎಂಥ ನಿಷ್ಠೆ ಎಂದು ಮನಸ್ಸಿನಲ್ಲೇ ನಮಸ್ಕರಿಸಿದೆ. ಇಂಥವರ ಕೈಯಲ್ಲಿ ವಲಯವಿದ್ದರೆ ದೇಶಕ್ಕೆ ಚಿಂತೆಯಿಲ್ಲ ಎಂದೂ ಅನ್ನಿಸಿತು. ಇದು ನನಗೆ ಸ್ಪಷ್ಟವಾಗಿ ನೆನಪಿದೆ, ಇಲ್ಲದಿದ್ದರೆ ಚೆನ್ನಾಗಿತ್ತು.

ಸುಮಾರು ಅರ್ಧ ತಾಸಿನ ನಂತರ ಆಕೃತಿ ಒಂದು ತಗಡಿನ ಮಾಡಿನ ಕೆಳಗೆ ನಿಂತಿತು. ನನಗೆ ಬೆನ್ನು ಮಾಡಿ, ಒಂದು ಕೈಯಿಂದ ಕಂಬ ಹಿಡಿದು, ಸುಧಾರಿಸಿಕೊಳ್ಳುವಂತೆ ಕಂಡಿತು. ನಾನು ನಿಂತೆ. ಹಿಂದಿನವರು ಮಂಜಿನಲ್ಲಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ನಿಂತರು. ಸಾಹೇಬರಿಗೆ ದಣಿವಾಗಿದೆ. ಸುತ್ತ ಮಂಜು. ಮುಖ ಕೊಟ್ಟು ಮಾತಾಡುವ ಸಂಕೋಚವಿಲ್ಲ. ಇದಕ್ಕಿಂತ ಒಳ್ಳೆಯ ಘಳಿಗೆ ನನ್ನ ನೌಕರಿಯಲ್ಲಿ ಇನ್ನೊಂದು ಬಾರದು! ಕೈ ಜೋಡಿಸಿದೆ.

"ಸರ್," ಎಂದು ಇಂಗ್ಲಿಷಿನಲ್ಲಿ ಆರಂಭಿಸಿದೆ, "ನಾನು ಹಿರೇಮಠ, ಕೊಚ್ಚಿ ಶಾಖೆ. ನನ್ನ ಹೆಂಡತಿ ತಿರುವನಂತಪುರದಲ್ಲಿ ಸರ್. ಮೂರು ಅರ್ಜಿ ಕೊಟ್ಟಿದ್ದೇನೆ ಸರ್. ಸಣ್ಣ ಮಗು ಸರ್. ನನ್ನನ್ನು ಶನಿವಾರದ ಅಪ್ಪ ಅನ್ನುತ್ತಾಳೆ ಸರ್. ಅವಳ ಶಾಲೆ ಯಾವುದು ಎಂದು ಯಾರಾದರೂ ಕೇಳಿದರೆ ಹೆಸರು ಗೊತ್ತು ಸರ್, ದಾರಿ ಗೊತ್ತಿಲ್ಲ..."

ಇಷ್ಟು ಹೇಳುವುದರೊಳಗೆ ನನಗೇ ಅರಿವಿಲ್ಲದೆ ಅಳು ಬಂತು. ಮಳೆಯಲ್ಲಿ ಕಣ್ಣೀರು ಕಾಣುವುದಿಲ್ಲ ಎನ್ನುತ್ತಾರೆ. ಬಿಕ್ಕಿದ್ದು ಮಾತ್ರ ಚೆನ್ನಾಗಿ ಕೇಳಿಸಿತು.

ಆಕೃತಿ ಎರಡೂ ಕೈ ಮೇಲೆತ್ತಿ ತನ್ನ ತಲೆಯ ಅರ್ಧವನ್ನು ತೆಗೆದು ಕೆಳಗಿಟ್ಟಿತು.

ಅದು ಹುಲ್ಲಿನ ಹೊರೆ. ಅದರ ಮೇಲಿಂದ ಮೈತುಂಬ ಹೊದ್ದಿದ್ದು ಪ್ಲಾಸ್ಟಿಕ್ ಹಾಳೆ. ಅದರ ಕೆಳಗೆ ನನ್ನ ಭುಜದಷ್ಟೇ ಎತ್ತರದ, ಐವತ್ತರ ಆಸುಪಾಸಿನ ಒಬ್ಬ ಹೆಂಗಸು. ಅವಳ ಹಿಂದೆ, ಮಾಡಿನೊಳಗಿನಿಂದ ಒಂದು ಹಸು ನನ್ನನ್ನು ನೋಡಿ "ಅಂಬಾ" ಎಂದಿತು.

"ಅಯ್ಯೋ, ಕರಯಲ್ಲೇ ಸಾರೇ!" ಎಂದಳು ಆಕೆ. ಅಳಬೇಡಿ ಸಾರ್. ಆಮೇಲೆ ನನ್ನ ಹಿಂದೆ ಮಂಜಿನಿಂದ ಒಬ್ಬೊಬ್ಬರಾಗಿ ಹೊರಬರುತ್ತಿದ್ದ ಮೂವತ್ತು ಜನರನ್ನು ನೋಡಿದಳು. ಎಲ್ಲರ ಎದೆಯಲ್ಲೂ ನೇರಳೆ ಮಚ್ಚೆ. "ಇಷ್ಟು ಜನ ಬಂದಿದ್ದೀರಿ, ಯಾರಿಗೆ ಏನಾಯಿತು?"

ತಂಗಚ್ಚನ್ ಮೆಲ್ಲಗೆ ಕೇಳಿದ:

"ಹಿರೇಮಠ್ ಸಾರೇ, ಇದರಲ್ಲಿ ಸಾಹೇಬರು ಯಾರು?"

ಹಸು ಮತ್ತೊಮ್ಮೆ ಕೂಗಿತು.

ಆಕೆಯ ಹೆಸರು ಓಮನ. ಎಲ್ಲರೂ ಓಮನ ಚೇಚಿ ಎಂದು ಕರೆದರು. ಹಿರಿಯಕ್ಕನ ಸ್ಥಾನ ಆಕೆಗೆ ಮಾಡಿಟ್ಟಂತಿತ್ತು. ಚಹಾ ತೋಟದ ಕೆಲಸದವಳು. ರಸ್ತೆಯಲ್ಲಿ ನಾನು ಹಿಂದಿನಿಂದ ಇಂಗ್ಲಿಷಿನಲ್ಲಿ ಕೂಗಿದ್ದು ಕೇಳಿ, ಯಾರೋ ಕುಡಿದವನೆಂದು ಹೆದರಿ ಹೆಜ್ಜೆ ಜೋರು ಮಾಡಿದಳಂತೆ. ಕಿವಿಗೊಟ್ಟರೆ ಒಬ್ಬನ ಹೆಜ್ಜೆಯಲ್ಲ, ಒಂದು ದಂಡಿನ ಸಪ್ಪಳ! ಆಗ ಧೈರ್ಯ ಬಂತಂತೆ. "ಇಷ್ಟು ಜನ ಸೇರಿ ಒಬ್ಬಳನ್ನು ದೋಚಲು ಬರುವುದಿಲ್ಲ, ಯೂನಿಯನ್ನಿನವರು ಇರಬೇಕು ಅಂದುಕೊಂಡೆ" ಎಂದಳು.

ನಮ್ಮ ಕಾಲಿನ ಜಿಗಣೆಗಳಿಗೆ ಉಪ್ಪು ಕೊಟ್ಟಳು. ಬೆಟ್ಟದ ತುದಿಗೆ ದಾರಿ ಯಾವುದು ಎಂದು ಕೇಳಿದರೆ, ಕೈ ತೋರಿಸಿದರೆ ನೀವು ಮತ್ತೆಲ್ಲಿಗೋ ಹೋಗುತ್ತೀರಿ ಎಂದು ತಾನೇ ಪ್ಲಾಸ್ಟಿಕ್ ಹೊದ್ದು ಮುಂದೆ ಹೊರಟಳು. ನಾವು ಹಿಂದೆ. ಅಭ್ಯಾಸಬಲ! ಅಲ್ಲಿಯೂ ಅವಳನ್ನು ಯಾರೂ ಹಿಂದಿಕ್ಕಲಿಲ್ಲ.

ಬೆಟ್ಟದ ಮೇಲಿನ ಕಥೆ ನಾನು ಕಂಡದ್ದಲ್ಲ. ವಿಮಲಾ ಆಮೇಲೆ ಹೇಳಿದ್ದು. ಸಾಹೇಬರು ಮೊದಲಿಗರಾಗಿ ಬಂದರು. ರಿಬ್ಬನ್ ಹರಿದುಕೊಂಡು ಓಡಿ, ಎರಡು ಕೈ ಮೇಲೆತ್ತಿ, ತಿರುಗಿ ನೋಡಿದರು. ಹಿಂದೆ ಯಾರೂ ಇಲ್ಲ. ಐದು ನಿಮಿಷ ಕಾದರು. ಯಾರೂ ಇಲ್ಲ. ತಾವು ಇಷ್ಟು ವೇಗವಾಗಿ ಓಡಿದೆವೇ ಎಂಬಂತೆ ಮೊದಲು ಹಿಗ್ಗಿದರು. ಮುಕ್ಕಾಲು ತಾಸಾದಾಗ ಹಿಗ್ಗು ಇಳಿದು ಬೆವರು ಬಂತು. ಇಡೀ ವಲಯದ ಗಂಡಸರನ್ನು ಕಳೆದುಕೊಂಡ ಅಧಿಕಾರಿ ದಿಲ್ಲಿಗೆ ಏನೆಂದು ವರದಿ ಬರೆಯಬೇಕು? ಹೆಂಗಸರು ಸುತ್ತುವರಿದರು. ಛಾಯಾಗ್ರಾಹಕ ಮಾತ್ರ, ಮಂಜಿನಲ್ಲಿ ಮೊದಲ ಚಿತ್ರ ಬಂದಿಲ್ಲದಿರಬಹುದು ಎಂದು ಹೊಸ ರಿಬ್ಬನ್ ಕಟ್ಟಿಸುತ್ತಿದ್ದ.

ಆ ಹೊಸ ರಿಬ್ಬನ್ನನ್ನು, ನಾವು ಬರಬೇಕಾದ ದಿಕ್ಕಿಗೆ ಪೂರ್ತಿ ವಿರುದ್ಧವಾದ ಕಡೆಯಿಂದ, ಎದೆಯುಬ್ಬಿಸಿ ಹರಿದು ಒಳಗೆ ಬಂದವಳು ಓಮನ ಚೇಚಿ! ಹಿಂದೆ ನಾನು. ಹಿಂದೆ ಮೂವತ್ತು ಜನ.

ಬ್ಯಾಂಡಿನವರು ಅರ್ಥವಾಗದೆ ಬಾರಿಸಿಬಿಟ್ಟರು.

ವಿಮಲಾ ಗೌರಿಯನ್ನು ಎತ್ತಿಕೊಂಡು ಓಡಿ ಬಂದಳು. ನಾನು ತಲೆಯಿಂದ ಕಾಲವರೆಗೆ ಕೆಸರು, ಸಗಣಿ, ರಕ್ತ. ಗೌರಿ ನನ್ನನ್ನು ನೋಡಿ ಗಟ್ಟಿಯಾಗಿ ಘೋಷಿಸಿದಳು:

"ಇದ್ ಎಂಡೆ ಅಪ್ಪ ಅಲ್ಲ!" ನನ್ನ ಅಪ್ಪ ಅಲ್ಲವಂತೆ.

"ಅವರ ಹೌದವ್ವಾ," ಎಂದಳು ವಿಮಲಾ, ಮೂಗು ಮುಚ್ಚಿಕೊಂಡು. "ಮೂಗಿನಿಂದ ನೋಡಬ್ಯಾಡ, ಕಣ್ಣಿನಿಂದ ನೋಡು."

ಅಷ್ಟರಲ್ಲಿ ಸಾಹೇಬರು ಬಂದರು. ನನ್ನ ಯೋಜನೆ ಅಕ್ಷರಶಃ ನೆರವೇರಿತು: ಅವರಿಗೆ ಮೊದಲು ಕಂಡ ಮುಖ ನನ್ನದೇ.

"ಮುಂದೆ ಇದ್ದವರು ಯಾರು?" ಎಂದು ಗುಡುಗಿದರು.

ಮೂವತ್ತು ಬೆರಳು ನನ್ನ ಕಡೆ ತಿರುಗಿದವು. ನಮ್ಮ ಕಚೇರಿಯಲ್ಲಿ ಅಷ್ಟು ಒಮ್ಮತ ಹಿಂದೆಂದೂ ಮೂಡಿರಲಿಲ್ಲ.

"ನೀವು ಯಾರನ್ನು ಹಿಂಬಾಲಿಸುತ್ತಿದ್ದಿರಿ?"

"ನಿಮ್ಮನ್ನೇ ಸರ್," ಎಂದೆ.

ಸಾಹೇಬರು ನನ್ನನ್ನು ನೋಡಿದರು, ಓಮನ ಚೇಚಿಯನ್ನು ನೋಡಿದರು. ನನ್ನನ್ನು ಕಾಪಾಡಬೇಕೆಂಬ ಒಂದೇ ಸದುದ್ದೇಶದಿಂದ ತಂಗಚ್ಚನ್ ಬಾಯಿ ಹಾಕಿದ: "ಸರ್, ಹಿಂದಿನಿಂದ ನೋಡಿದರೆ, ಮಂಜಿನಲ್ಲಿ, ತಾವೂ ಹುಲ್ಲಿನ ಹೊರೆಯೂ..." ಅಲ್ಲಿಗೆ ಅವನಿಗೆ ವಾಕ್ಯದ ಉಳಿದ ಭಾಗ ಕಾಣಿಸಿತು. ನಿಲ್ಲಿಸಿದ. ತಡವಾಗಿತ್ತು.

ಸಾಹೇಬರು ರೇನ್‌ಕೋಟಿನ ಮುಸುಕನ್ನು ಹಿಂದಕ್ಕೆ ಸರಿಸಿದರು. ಆಮೇಲೆ ನಿಧಾನವಾಗಿ ಹೇಳಿದರು: "ಮಿಸ್ಟರ್ ಹಿರೇಮಠ್, ಎಲ್ಲಿಗೆಂದು ಗೊತ್ತಿಲ್ಲದೆ ಮೂವತ್ತು ಜನರನ್ನು ಇಷ್ಟು ದೂರ ಕರೆದುಕೊಂಡು ಹೋಗಿದ್ದೀರಿ. ಒಬ್ಬನೂ ಪ್ರಶ್ನೆ ಕೇಳಿಲ್ಲ. ನೀವು ಶಾಖೆಯಲ್ಲಿ ಇರಬೇಕಾದವರಲ್ಲ."

ಇದು ಹೊಗಳಿಕೆಯೋ, ಅಮಾನತಿನ ಮುನ್ಸೂಚನೆಯೋ ಯಾರಿಗೂ ತಿಳಿಯಲಿಲ್ಲ. ಇದೇ ಮಾತು ಹೇಳಿದರೋ, ಅಥವಾ ನಾನು ವರ್ಷಗಳಲ್ಲಿ ಇದನ್ನು ತಿದ್ದಿ ತೀಡಿದ್ದೇನೋ, ಅದೂ ಹೇಳಲಾರೆ. ತಂಗಚ್ಚನ್ ಪ್ರಕಾರ ಸಾಹೇಬರು ಹೇಳಿದ್ದು "ಈಡಿಯಟ್" ಎಂಬ ಒಂದೇ ಪದ.

ಎರಡನೆಯ ಬಹುಮಾನದ ಬಗ್ಗೆ ಸಮಾಲೋಚನೆ ನಡೆಯಿತು. ನಂಬರಿಲ್ಲದವರಿಗೆ ಬಹುಮಾನ ಕೊಡುವಂತಿಲ್ಲ. ಆದರೆ ನಂಬರು ಯಾರಿಗೂ ಉಳಿದಿರಲಿಲ್ಲ. ನಿಯಮಗಳನ್ನು ಆಮೂಲಾಗ್ರ ಪರಿಶೀಲಿಸಿ, ರಿಬ್ಬನ್ ಹರಿದವರಿಗೇ ಎಂದು ತೀರ್ಮಾನವಾಯಿತು. ಓಮನ ಚೇಚಿ ಬಹುಮಾನವಾಗಿ ಬಂದ, ಅನ್ನ ಬಿಸಿಯಾಗಿಡುವ ದೊಡ್ಡ ಡಬ್ಬಿಯನ್ನು ತೆಗೆದುಕೊಂಡು, ಮುಚ್ಚಳ ತೆಗೆದು ಒಳಗೆ ನೋಡಿ, "ಖಾಲಿಯಾ?" ಎಂದು ಕೇಳಿ, ಹಸುವಿಗೆ ಹುಲ್ಲು ಹಾಕುವುದಿದೆ ಎಂದು ಹೊರಟುಹೋದಳು. ಆ ದಿನ ಬೆಟ್ಟದ ಮೇಲೆ ಯಾವ ಕೆಲಸಕ್ಕೆ ಬಂದಿದ್ದೇನೆಂದು ಗೊತ್ತಿದ್ದವಳು ಅವಳೊಬ್ಬಳೇ.

ಈ ಗದ್ದಲದ ನಡುವೆ ನಾನು ಬಸ್ಸಿನ ಮೆಟ್ಟಿಲ ಮೇಲೆ ಕೂತು ಜಿಗಣೆ ಕೀಳುತ್ತಿದ್ದಾಗ ಒಂದು ದೃಶ್ಯ ಕಂಡೆ. ಕಂಡೆ ಎಂದುಕೊಂಡಿದ್ದೇನೆ. ವಿಮಲಾ ಕೊಡೆ ಹಿಡಿದು ನೇರವಾಗಿ ಸಾಹೇಬರ ಹತ್ತಿರ ಹೋದಳು. ಏನೋ ಹೇಳಿದಳು. ಸಾಹೇಬರು ಮೊದಲು ನಕ್ಕರು. ಅವಳು ಇನ್ನೇನೋ ಹೇಳಿದಳು. ಸಾಹೇಬರು ತಮ್ಮ ಕೆಸರಿಲ್ಲದ ಬೂಟುಗಳ ಕಡೆ ನೋಡಿಕೊಂಡರು. ಆಮೇಲೆ ನಗಲಿಲ್ಲ. ಒಟ್ಟು ಎರಡು ನಿಮಿಷ.

ಬಸ್ಸಿನಲ್ಲಿ ಬೆಟ್ಟ ಇಳಿಯುವಾಗ ಅವಳು ಕಿಟಕಿಯ ಆಚೆ ನೋಡುತ್ತ ಹೇಳಿದಳು: "ಸಾಹೇಬರು ಬರೂಕ್ಕಿಂತ ಮೊದಲು ಮಂಜಿನ್ಯಾಗ ಜೀಪ್ ನಿಂತ ಸಪ್ಪಳ ಆತ್ರೀ. ಬಾಗಲಾ ಹಾಕಿದ ಸಪ್ಪಳ ಆತು. ಆಮ್ಯಾಲ ಅವರು ಓಡಿಕೋತ ಬಂದ್ರು."

"ಅಂದ್ರ?"

"ಅಂದ್ರ ಏನೂ ಇಲ್ಲ. ಸಪ್ಪಳ ಹೇಳಿದೆ ಅಷ್ಟ."

ಎರಡು ವಾರಕ್ಕೆ ಆದೇಶ ಬಂತು. "ಸಾರ್ವಜನಿಕ ಹಿತದೃಷ್ಟಿಯಿಂದ" ನನ್ನನ್ನು ತಿರುವನಂತಪುರದ ವಲಯ ಕಚೇರಿಯ ಯೋಜನಾ ವಿಭಾಗಕ್ಕೆ ವರ್ಗಾಯಿಸಲಾಗಿತ್ತು. ದಾರಿ ಗೊತ್ತಿಲ್ಲದವರನ್ನು ಇಡಲು ಅದಕ್ಕಿಂತ ಸೂಕ್ತವಾದ ವಿಭಾಗ ನಮ್ಮಲ್ಲಿರಲಿಲ್ಲ. ಕೊಚ್ಚಿ ಕಚೇರಿಯಲ್ಲಿ ಚರ್ಚೆಯಾಯಿತು. ಕಥೆ ಕೊಚ್ಚಿಯಲ್ಲಿ ಹರಡದಿರಲೆಂದು ಸಾಹೇಬರು ನನ್ನನ್ನು ಕಣ್ಣೆದುರಿಗೇ ಇಟ್ಟುಕೊಂಡರು ಎಂದರು ಕೆಲವರು. ನಾಯಕತ್ವ ಮೆಚ್ಚಿದರು ಎಂದೆ ನಾನು. ಪಟ್ಟಿಗೆ ಸಾಹೇಬರು ಓಟದ ಹಿಂದಿನ ಶುಕ್ರವಾರವೇ ಸಹಿ ಹಾಕಿಬಿಟ್ಟಿದ್ದರಂತೆ, ಓಡದಿದ್ದರೂ ಆಗುತ್ತಿತ್ತು ಎಂದ ತಂಗಚ್ಚನ್. ಅದನ್ನು ನನ್ನ ಬೀಳ್ಕೊಡುಗೆಯ ಭಾಷಣದಲ್ಲೇ ಹೇಳಿದ.

ತಿರುವನಂತಪುರಕ್ಕೆ ಬಂದೆ. ಗೌರಿಯ ಶಾಲೆಯ ದಾರಿ ಕಲಿತೆ. ಸೋಮವಾರ ಇದ್ದೆ, ಮಂಗಳವಾರ ಇದ್ದೆ, ಬುಧವಾರವೂ ಇದ್ದೆ. ಗುರುವಾರ ಬೆಳಿಗ್ಗೆ ಗೌರಿ ತಾಯಿಯ ಸೆರಗು ಜಗ್ಗಿ ಮಲಯಾಳದಲ್ಲಿ ಗುಟ್ಟಾಗಿ ಕೇಳಿದಳು: ಅಪ್ಪ ಯಾವಾಗ ಹೋಗುತ್ತಾರೆ?

ಆ ದಿನ ಬೆಟ್ಟದ ಮೇಲೆ ಸಾಹೇಬರ ಜೊತೆ ಏನು ಮಾತಾಡಿದೆ ಎಂದು ವಿಮಲಾಳನ್ನು ಎಷ್ಟೋ ಸಲ ಕೇಳಿದ್ದೇನೆ. ಮೊನ್ನೆ, ಬಂದವರು ಹೋದ ಮೇಲೆ ಮತ್ತೆ ಕೇಳಿದೆ.

"ಮಳಿ ಬಗ್ಗೆ ಮಾತಾಡಿದೆ," ಎಂದಳು.

"ಮಳಿ ಬಗ್ಗೆ ಏನು?"

"ಭಾಳ ಐತಿ ಅಂದೆ."

"ಎರಡು ನಿಮಿಷ ಅದನ್ನ ಅಂದೇನು?"

"ಭಾಳ ಇತ್ತಲ್ರೀ."

ನಾನು ಓಡಿದ್ದು ಒಂದು ಇಡೀ ಬೆಟ್ಟ. ಅವಳು ನಡೆದದ್ದು, ಬಸ್ಸಿನಿಂದ ಸಾಹೇಬರವರೆಗೆ, ಹತ್ತು ಹೆಜ್ಜೆ. ಇವೆರಡರಲ್ಲಿ ನನ್ನನ್ನು ಮನೆಗೆ ತಂದದ್ದು ಯಾವುದು, ಅಥವಾ ಎರಡೂ ಅಲ್ಲವೋ, ನನಗೆ ಗೊತ್ತಿಲ್ಲ.